ನಗೋಯಾದಲ್ಲಿ ನೀರು ಆರುವವರೆಗೆ

ಅಬ್ಬಿಗೆರೆ, ಹೊರಡುವ ಮೊದಲು

ಜಪಾನಿಗೆ ಹೋಗಿಬಂದೆ ಎಂದರೆ ಎಲ್ಲರೂ ಬುಲೆಟ್ ರೈಲು ಹೇಗಿತ್ತು ಎಂದು ಕೇಳುತ್ತಾರೆ. ಸ್ಟೇಷನ್ನಿನಲ್ಲಿ ನಿಂತು ನೋಡಿದೆ. ನಮ್ಮ ಯಜಮಾನರಿಗೆ ತೋರಿಸೋಣವೆಂದು ತಿರುಗುವಷ್ಟರಲ್ಲಿ ಹೋಗಿಬಿಟ್ಟಿತ್ತು. ಹೂವು ಬಿಟ್ಟ ಮರಗಳನ್ನು ನೋಡಿದಿರಾ ಎನ್ನುತ್ತಾರೆ. ನಾವು ಹೋದದ್ದು ಎಲೆ ಉದುರುವ ಕಾಲ. ನಿಜ ಹೇಳಬೇಕೆಂದರೆ ಅಲ್ಲಿ ನಾನು ಗಮನವಿಟ್ಟು ನೋಡಿದ್ದು ಬಿಸಿನೀರನ್ನು. "ಬಿಸ್ನೀರ್ ನೋಡಕ್ಕೆ ವಿಮಾನ ಹತ್ತಿದ್ಯಾ ಅತ್ತಿಗೆ? ಹೇಳಿದ್ರೆ ನಮ್ಮನೆ ಗೀಸರ್ನೇ ತೋರಿಸ್ತಿದ್ನಲ್ಲ" ಎಂದು ನಾದಿನಿ ನಕ್ಕಳು. ನಗಲಿ. ಯಾಕೆ ನೋಡಿದೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮತ್ತೆ ಹೊಂಬಾಳಮ್ಮ ತೀರಿಕೊಂಡು ಆಗ ವರ್ಷ ತುಂಬಿತ್ತು. ವರ್ಷದ ಕಾರ್ಯ ಮುಗಿದು, ನೆಂಟರೆಲ್ಲ ಹೋಗಿ, ಮನೆ ಒಂದು ಹದಕ್ಕೆ ಬಂದಿತ್ತು. ಕಾಫಿಯೊಂದು ಮಾತ್ರ ಬಂದಿರಲಿಲ್ಲ.

ಅತ್ತೆ ಸ್ಟೀಲ್ ಫಿಲ್ಟರ್ ಬಳಸಿದವರಲ್ಲ. ದಪ್ಪ ತಂತಿಯನ್ನು ಬಳೆಯಂತೆ ಬಗ್ಗಿಸಿ, ಅದಕ್ಕೆ ಮಾವನ ಹಳೆಯ ಪಂಚೆಯ ತುಂಡನ್ನು ಚೀಲದಂತೆ ಹೊಲಿದು, ಹಿಡಿಯೊಂದನ್ನು ಕಟ್ಟಿಕೊಂಡಿದ್ದರು. ಅದೇ ಕಾಫಿ ಸೋಸುವ ಬಟ್ಟೆ. ಅದರೊಳಗೆ ಪುಡಿ ಹಾಕಿ, ಮೇಲಿಂದ ನೀರನ್ನು ಸಣ್ಣಗೆ ಸುತ್ತಲೂ ಹೊಯ್ದರೆ ಕೆಳಗಿನ ಪಾತ್ರೆಗೆ ಡಿಕಾಕ್ಷನ್ ಇಳಿಯುತ್ತಿತ್ತು. ಮಾವ ಜಗಲಿಯ ಮೇಲೆ ಕುಳಿತು ಕುಡಿಯುತ್ತಿದ್ದರು. ಕುಡಿದಾದ ಮೇಲೆ ಲೋಟವನ್ನು ಬೋರಲು ಹಾಕಿ, ದಿನಕ್ಕೊಂದು ತಕರಾರು ಹೇಳುತ್ತಿದ್ದರು. ಇವತ್ತು ಒಸಿ ಕಡಕ್ಕಾಯ್ತು, ಇವತ್ತು ಹಾಲು ಮುಂದಾಯ್ತು. ಚೆನ್ನಾಗಿದೆ ಎಂದು ಒಂದು ದಿನವೂ ಅಂದವರಲ್ಲ. ಲೋಟ ಮಾತ್ರ ಪ್ರತಿದಿನ ಬೋರಲಾಗುತ್ತಿತ್ತು.

ಅತ್ತೆಗೆ ಇನ್ನೊಂದು ಅಭ್ಯಾಸವಿತ್ತು. ಬೆಳಿಗ್ಗೆ ನೀರು ಕುದಿಯುತ್ತಲೇ ಒಲೆ ಆರಿಸಿ, ಕಾಫಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು, ಬೀದಿಬಾಗಿಲಿಗೆ ಹೋಗಿ ಪಕ್ಕದ ಮನೆಯ ಜಯಮ್ಮನ ಜೊತೆ ಜಗಳವಾಡುತ್ತಿದ್ದರು. ಜಯಮ್ಮನ ಮನೆ ಮುಂದೆ ಒಂದು ಹೊಂಗೆ ಮರ. ಅವರು ಗುಡಿಸುವುದು ಆ ಹೊತ್ತಿಗೇ.

"ಏನೇ ಜಯಮ್ಮ, ನಿಮ್ ಮರದ್ ಎಲೆ ನಮ್ ಬಾಗ್ಲಿಗೆ ಬಂದದೆ. ಕರ್ಕಂಡೋಗು!"

"ಗಾಳೀನ ಕೇಳಕ್ಕಯ್ಯೋ! ನಾನೇನ್ ಕೈ ಇಡ್ಕಂಡು ಕಳಿಸಿದ್ನಾ?"

ಇದು ನಮ್ಮ ಬೀದಿಯ ಸುಪ್ರಭಾತ. ಜಗಳ ಮುಗಿಸಿ, ಮುಖದಲ್ಲಿ ಒಂದು ಕಳೆ ತುಂಬಿಕೊಂಡು, ಅತ್ತೆ ಒಳಗೆ ಬಂದು ಕಾಫಿ ಸೋಸುತ್ತಿದ್ದರು. ಜಯಮ್ಮ ಮಗಳ ಮನೆಗೆ ಹೋದ ದಿನಗಳಲ್ಲಿ ಅತ್ತೆ ನೀರು ಕುದಿಯುವವರೆಗೆ ಒಲೆಯ ಮುಂದೆಯೇ ಸುಮ್ಮನೆ ನಿಂತಿರುತ್ತಿದ್ದರು. ಆ ದಿನ ಕಾಫಿ ಕಹಿ ಎಂದು ಮಾವ ಮುಖ ಕಿವುಚುತ್ತಿದ್ದರು. ಮನಸ್ಸು ಸರಿಯಿಲ್ಲದ ದಿನ ಕೈಯೂ ಸರಿಯಿರುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ಅತ್ತೆ ಹೋದ ಮೇಲೆ ಕಾಫಿ ನನ್ನ ಪಾಲಿಗೆ ಬಂತು. ಅದೇ ಪುಡಿ, ಅದೇ ಬಟ್ಟೆ, ಅದೇ ಹಾಲು. ಅತ್ತೆಯ ಹಾಗೆ ನಡುವೆ ಎದ್ದುಹೋಗದೆ, ಒಲೆಯ ಮುಂದೆ ಕಾವಲು ನಿಂತು, ಕೊತಕೊತ ಕುದಿಯುವ ನೀರನ್ನು ಹಾಗೆಯೇ ತೆಗೆದು ಹೊಯ್ಯುತ್ತಿದ್ದೆ. ಮಾವ ಒಂದು ಗುಟುಕು ಕುಡಿದು ಲೋಟವನ್ನು ಜಗಲಿಯ ಅಂಚಿಗೆ ಸರಿಸುತ್ತಿದ್ದರು. "ಸಾಕು ಕಣಮ್ಮ, ಬುಡು." ಬರುಬರುತ್ತ ಆ ಒಂದು ಗುಟುಕೂ ನಿಂತಿತು. ಅತ್ತೆಯ ಕೈಗುಣ ಅವರ ಜೊತೆಗೇ ಹೋಯಿತು ಎಂದರು ಬಂದವರೆಲ್ಲ. ಕಾಫಿ ಬಿಟ್ಟ ಮೇಲೆ ಮಾವ ಜಗಲಿಗೆ ಬರುವುದನ್ನೂ ಬಿಟ್ಟರು. ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಜಪಾನ್ ಬಂತು. ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಹೊಸ ಮೆಷಿನ್ ತರಿಸುವುದಿತ್ತು. ಅದು ತಯಾರಾಗುವ ನಗೋಯಾ ಊರಿಗೇ ಹೋಗಿ, ಓಡಿಸಿ ನೋಡಿ, ಸರಿಯಿದೆ ಎಂದು ಒಪ್ಪಿಕೊಂಡು ಬರಬೇಕಿತ್ತು. ಹೆಂಡತಿಯನ್ನೂ ಕರೆದುಕೊಂಡು ಹೋಗಬಹುದು ಎಂದಿದ್ದರು. ಮಾವನನ್ನು ಬಿಟ್ಟು ಹೇಗೆ ಹೋಗುವುದು ಎಂದೆ. ನಾದಿನಿ ಬಾಗಲಗುಂಟೆಯಿಂದ ಬಂದು ಇರುತ್ತೇನೆ ಎಂದಳು. ಮಾವ ಗೋಡೆಗೆ ಒರಗಿಕೊಂಡೇ ಹೇಳಿದರು. "ಓಗ್ ಬಾರಮ್ಮ. ನಂದೇನದೆ? ನಂಗೆ ಕಾಫೀನೂ ಬ್ಯಾಡ."

ಸಮಾಧಾನಕ್ಕೆ ಹೇಳಿದ್ದು ಅದು. ಆದರೆ ಏರ್‌ಪೋರ್ಟಿನ ರಸ್ತೆಯುದ್ದಕ್ಕೂ, ಹೆಬ್ಬಾಳದಿಂದ ಯಲಹಂಕ ದಾಟುವವರೆಗೂ, ನನ್ನ ಕಿವಿಯಲ್ಲಿ ಅದೇ ಮಾತು. ಪುಡಿಯ ಡಬ್ಬಿಯನ್ನೂ ಅತ್ತೆಯ ಬಟ್ಟೆಯನ್ನೂ ನಾನು ಸೀರೆಗಳ ನಡುವೆ ಇಟ್ಟುಕೊಂಡಿದ್ದೆ.

ನಗೋಯಾ, ಹೋಟೆಲ್ ರೂಮು

ನಮ್ಮ ಜೊತೆ ಬಸವರಾಜ ಬಂದಿದ್ದ. ಬಾಗಲಕೋಟೆ ಕಡೆಯವನು, ಕಾರ್ಖಾನೆಯಲ್ಲಿ ಇವರ ಕೈಕೆಳಗಿನ ಫಿಟ್ಟರ್. ಹಿಂದೊಮ್ಮೆ ಟ್ರೈನಿಂಗಿಗೆಂದು ಜಪಾನಿನಲ್ಲಿ ಇದ್ದು ಬಂದಿದ್ದರಿಂದ ಅವನೇ ನಮ್ಮ ದುಭಾಷಿ. ಅವನ ಜಪಾನಿ ನನ್ನ ಇಂಗ್ಲಿಷಿನಷ್ಟೇ. ಧೈರ್ಯ ಮಾತ್ರ ಹೆಚ್ಚು. ಚೀಲದ ತುಂಬ ಕಡಕ್ ರೊಟ್ಟಿ ತಂದಿದ್ದ. ವಿಮಾನ ಇಳಿದಲ್ಲಿ ತಪಾಸಣೆಯವರು ಒಂದು ರೊಟ್ಟಿಯನ್ನು ಬೆರಳಿನಿಂದ ತಟ್ಟಿದರು. ಹೆಂಚಿನ ಹಾಗೆ ಶಬ್ದ ಬಂತು. ಇದೇನೆಂದು ಕೇಳಿದ್ದಕ್ಕೆ ಬಸವರಾಜ ಬಾಯಲ್ಲಿ ಹೇಳಲಾರದೆ ಅವರೆದುರೇ ಕಡಿದು ತೋರಿಸಿದ. ಆ ಸದ್ದಿಗೆ ಅಕ್ಕಪಕ್ಕದ ಸಾಲಿನವರೆಲ್ಲ ತಿರುಗಿದರು. ತಪಾಸಣೆಯವರು ಅವನ ಹಲ್ಲಿಗೋ ರೊಟ್ಟಿಗೋ ತಲೆಬಾಗಿ ನಮಸ್ಕಾರ ಮಾಡಿ ಕಳಿಸಿಕೊಟ್ಟರು.

ಜಪಾನಿನಲ್ಲಿ ಪ್ರತಿಯೊಂದಕ್ಕೂ ಒಂದು ಬಿಸಿ ಇದೆ. ಹೋಟೆಲ್ ರೂಮಿನ ಪಾಯಿಖಾನೆಗೆ ಹೋಗಿ ಕೂತವಳು ಬೆಚ್ಚಿ ಎದ್ದು ಹೊರಗೆ ಬಂದೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕೂರುವ ಜಾಗ ಬೆಚ್ಚಗಿತ್ತು. ಬೀಗ ಹಾಕಿದ ರೂಮಿನಲ್ಲಿ ಯಾರು? ಇವರು ಒಳಗೆ ಹೋಗಿ ಮಂಡಿಯೂರಿ, ಮೆಷಿನ್ ಕೆಟ್ಟಾಗ ನೋಡುವಂತೆ ಸುತ್ತಲೂ ನೋಡಿ ಬಂದರು.

"ಹೀಟರ್ ಇಟ್ಟವ್ರೆ ಕಣೇ. ವೈರ್ ಇದೆ ನೋಡು."

"ಕೂರೋದಕ್ಕಾ?"

"ಚಳಿ ದೇಶ. ಏನ್ ಮಾಡ್ತಾರೆ ಪಾಪ."

ಊಟದ ಹೋಟೆಲಿಗೆ ಹೋದರೆ ಆ ಚಳಿಯಲ್ಲೂ ಕುಡಿಯಲು ಐಸ್ ಹಾಕಿದ ನೀರು. ಕೂರುವುದಕ್ಕೆ ಬಿಸಿ, ಕುಡಿಯುವುದಕ್ಕೆ ತಣ್ಣಗೆ. ಅತ್ತೆ ಇದ್ದಿದ್ದರೆ ಇದನ್ನು ಜಯಮ್ಮನಿಗೆ ಹೇಳಲು ಎಷ್ಟು ಸಂಭ್ರಮಪಡುತ್ತಿದ್ದರೋ ಎಂದುಕೊಂಡೆ. ಆ ಪ್ರವಾಸದಲ್ಲಿ ಏನೇ ನೋಡಿದರೂ ಮೊದಲು ಇದೇ ನೆನಪು. ಹೇಳಬೇಕಾದವರು ಇಲ್ಲ ಎನ್ನುವುದು ಅದರ ಹಿಂದೆಯೇ ಬರುತ್ತಿತ್ತು.

ರೂಮಿನಲ್ಲಿ ಒಂದು ಕರೆಂಟಿನ ಕೆಟಲ್ ಇತ್ತು. ಮರುದಿನ ಬೆಳಿಗ್ಗೆ ಬಟ್ಟೆಯನ್ನು ಇವರ ಕೈಗೆ ಕೊಟ್ಟು ಗಾಜಿನ ಲೋಟದ ಮೇಲೆ ಹಿಡಿಯಲು ಹೇಳಿ, ಕುದಿಯುವ ನೀರು ಹೊಯ್ದೆ. ಇವರ ಬೆರಳು ಸುಟ್ಟಿತು. ಕಾಫಿ ಊರಿನದಕ್ಕಿಂತ ಕಹಿಯಾಯಿತು. ಬಸವರಾಜ ಚಹಾ ಕುಡಿಯುವವನು. ನನ್ನ ಮುಖ ನೋಡಿ, ಮರ್ಯಾದೆಗೆ ಒಂದು ಗುಟುಕು ಕುಡಿದ.

"ಹೆಂಗೈತಿ?" ಎಂದು ಅವನ ಮಾತಿನಲ್ಲೇ ಕೇಳಿದೆ.

"ವೈನಿ, ಸಣ್ಣಾವಿದ್ದಾಗ ನಮ್ಮಜ್ಜಿ ಹೊಟ್ಟಿನೋವಿಗೆ ಒಂದು ಕಷಾಯ ಕುಡಸ್ತಿದ್ಲರಿ" ಎಂದ. ಲೋಟ ಕೆಳಗಿಟ್ಟ.

ಇವರು ಬೆರಳನ್ನು ತಣ್ಣೀರಿನಲ್ಲಿ ಅದ್ದಿಕೊಂಡೇ ಯೋಚಿಸಿದರು. "ನಮ್ಮೂರು ಎತ್ತರದಲ್ಲಿದೆ ಕಣೇ. ಅಲ್ಲಿ ನೀರು ನೂರು ಡಿಗ್ರಿಗೆ ಮುಂಚೇನೇ ಕುದ್ದುಬಿಡತ್ತೆ. ಇದು ಸಮುದ್ರದ ಪಕ್ಕದ ಊರು. ಕುದಿಯೋ ಹೊತ್ಗೆ ಇನ್ನೂ ಬಿಸಿಯಾಗಿರತ್ತೆ."

"ಬಿಸಿ ಜಾಸ್ತಿ ಆದ್ರೆ ಒಳ್ಳೇದೇ ತಾನೇ?"

"ಒಳ್ಳೇದಾಗಿದ್ರೆ ಇವನು ಅಜ್ಜೀನ ಯಾಕೆ ನೆನಸ್ಕೋತಿದ್ದ?"

ಹೆಚ್ಚು ಬಿಸಿಯೆಂದರೆ ಹೆಚ್ಚು ಒಳ್ಳೆಯದಲ್ಲ ಎನ್ನುವುದು ನನ್ನ ತಲೆಗೆ ಬಂದದ್ದು ಆ ದಿನವೇ. ಅಲ್ಲಿಯವರೆಗೆ ಕಾಫಿ ಕೆಟ್ಟಷ್ಟೂ ನಾನು ನೀರನ್ನು ಇನ್ನಷ್ಟು ಕುದಿಸುತ್ತಿದ್ದೆ.

ಬಟ್ಟೆಯನ್ನು ತೊಳೆದು ಬಚ್ಚಲಲ್ಲಿ ನೇತುಹಾಕಿ ಊರು ನೋಡಲು ಹೋದೆವು. ಸಂಜೆ ಬಂದರೆ ಅದು ಅಲ್ಲಿರಲಿಲ್ಲ. ಹುಡುಕಿದರೆ, ತಂತಿಯ ಬಳೆ ಸಮೇತ ನನ್ನ ದಿಂಬಿನ ಮೇಲೆ ಒಂದು ಪಾರದರ್ಶಕ ಕವರಿನಲ್ಲಿ ಮಲಗಿತ್ತು. ಜೊತೆಗೆ ರೂಮು ಗುಡಿಸುವವರ ಒಂದು ಚೀಟಿ. ಬಸವರಾಜನನ್ನು ಕರೆಸಿದೆವು. ಅವನು ಅಕ್ಷರ ಕೂಡಿಸಿ ಓದಿ ನಗಲಾರಂಭಿಸಿದ.

"ಏನಂತೋ?"

"ಕಾಲುಚೀಲದ ಜೋಡಿ ಸಿಗಲಿಲ್ಲಂತರಿ. ಮಂಚದ ಬುಡಕ್ಕೂ ಹುಡುಕ್ಯಾರಂತ. ಕ್ಷಮಿಸ್ರಿ ಅಂತ ಬರದಾರ."

ಅತ್ತೆಗೆ ಹೀಗೊಂದು ಒಂಟಿ ಕಾಲಿದ್ದ ಸುದ್ದಿ ಜಯಮ್ಮನಿಗೆ ತಿಳಿದರೆ ಗತಿಯೇನು ಎಂದು ಯೋಚಿಸಿ ನಾನೂ ನಕ್ಕೆ. ಆ ವರ್ಷದಲ್ಲಿ ನಾನು ಹಾಗೆ ನಕ್ಕಿದ್ದು ಅದೇ ಮೊದಲು. ನಗು ಮುಗಿದ ಮೇಲೆ ಕವರನ್ನು ಬಿಚ್ಚಲು ಮನಸ್ಸಾಗದೆ ಹಾಗೆಯೇ ದಿಂಬಿನ ಪಕ್ಕ ಇಟ್ಟುಕೊಂಡೆ.

ಸ್ಟೇಷನ್ ಹತ್ತಿರದ ಗಾಜಿನ ಅಂಗಡಿ

ಕಾಫಿಯವರನ್ನೇ ಕೇಳೋಣ ಎಂದರು ಇವರು. ಸ್ಟೇಷನ್ ಹತ್ತಿರ ಪೂರ್ತಿ ಗಾಜಿನ ಒಂದು ಅಂಗಡಿ. ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಔಷಧಿ ಅಂಗಡಿಗೂ ಧ್ಯಾನಮಂದಿರಕ್ಕೂ ನಡುವಿನ ವಾತಾವರಣ. ಬಸವರಾಜ ಕುರ್ಚಿ ಎಳೆದ ಸದ್ದಿಗೆ ಅವನೇ ಹೆದರಿದ.

ಕನ್ನಡಕದ ಹೆಣ್ಣುಮಗಳೊಬ್ಬಳು ಬಂದು ಏನೋ ಕೇಳಿದಳು.

"ಪುಡಿ ಯಾವ್ದು, ನೀರು ಎಷ್ಟು ಡಿಗ್ರಿ ಇರಬೇಕು ಅಂತ ಕೇಳಾಕತ್ತಾಳ್ರಿ."

"ನಾವು ಹೇಳ್ಬೇಕಾ? ಅವಳಿಗೆ ಗೊತ್ತಿಲ್ವಾ?" ಎಂದರು ಇವರು.

"ಎಲ್ಲಾರ ನಾಲಗಿ ಒಂದs ಇರಂಗಿಲ್ಲಲ್ಲರಿ ಅಣ್ಣಾ. ಇದಕ್ಕ ಪೋರ್ ಓವರ್ ಅಂತಾರ್ರಿ. ನಮ್ಮ ಕಡೆ ಇಷ್ಟೆಲ್ಲ ಕಟಿಪಿಟಿ ಇಲ್ರಿ. ನೀರು, ಹಾಲು, ಸಕ್ರಿ, ಚಾಪುಡಿ ಎಲ್ಲಾ ಕೂಡಿಸಿ ಒಗದು ಕುದಿಸಿಬಿಟ್ರ ಮುಗೀತು."

ಪುಡಿಯ ಮೇಲೆ ನೀರು ಹೊಯ್ಯುವುದಕ್ಕೆ ಒಂದು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ಹೆಸರಿಲ್ಲದೆ ಹೊಯ್ಯುತ್ತಿದ್ದರು.

ನಾನು ನಮ್ಮ ಪುಡಿಯ ಡಬ್ಬಿಯನ್ನೇ ಅವಳ ಮುಂದಿಟ್ಟೆ. ಅವಳು ಮೂಸಿ ನೋಡಿದಳು. ಚಿಕೋರಿಯ ವಾಸನೆಗೆ ಕನ್ನಡಕದ ಹಿಂದೆ ಕಣ್ಣು ದೊಡ್ಡದಾಯಿತು. ಆದರೂ ಬೇಡವೆನ್ನದೆ ಎರಡು ಪುಟ್ಟ ಲೋಟದಲ್ಲಿ ಮಾಡಿಕೊಟ್ಟಳು. ಒಂದಕ್ಕೆ ಆಗತಾನೆ ಕುದಿದ ನೀರು. ಇನ್ನೊಂದಕ್ಕೆ ಕೆಟಲನ್ನು ಕೆಳಗಿಟ್ಟು, ಅದರ ಮೇಲಿನ ಅಂಕಿ ಇಳಿಯುವುದನ್ನು ನಾವು ಮೂವರೂ ನೋಡುತ್ತ ನಿಂತ ಮೇಲೆ ಅವಳು ಹೊಯ್ದದ್ದು. ಇವರು ಪಕ್ಕದ ಮನೆಯ ಮಗುವಿನ ಜ್ವರ ಇಳಿಯುವುದನ್ನು ಕಾಯುವವರಂತೆ ಕೈಕಟ್ಟಿ ನಿಂತಿದ್ದರು.

ಮೊದಲನೆಯದನ್ನು ಕುಡಿದೆ. ಅದು ನನ್ನ ಕಾಫಿ. ಹಾಲಿಲ್ಲದಿದ್ದರೂ ಗುರುತು ಸಿಕ್ಕಿತು. ಅದೇ ಸುಟ್ಟ ಕಹಿ. ಎರಡನೆಯದರಲ್ಲಿ ಆ ಕಹಿ ಇರಲಿಲ್ಲ. ಇನ್ನೇನೋ ಇತ್ತು. ಅತ್ತೆಯ ಕಾಫಿಯ ಹತ್ತಿರ ಹತ್ತಿರದ, ಬೀದಿಯ ತಿರುವಿನಲ್ಲಿ ಪರಿಚಯದವರ ಬೆನ್ನು ಕಂಡ ಹಾಗೆ.

"ಇಷ್ಟು ಕಪ್ಪಗೆ ಹುರದ ಪುಡಿಗೆ ತೊಂಬತ್ತು, ಅದಕ್ಕೂ ಒಂಚೂರು ಕಡಿಮಿ ಇದ್ರ ಸಾಕಂತರಿ" ಎಂದ ಬಸವರಾಜ.

ಇವರು ಅಂದೇ ಒಂದು ಥರ್ಮಾಮೀಟರ್ ಕೊಂಡರು. ಉದ್ದನೆಯ ಸೂಜಿ, ತಲೆಯ ಮೇಲೆ ಅಂಕಿ. ಅದು ಸಿಕ್ಕ ಮೇಲೆ ಇವರು ಚುಚ್ಚದ ವಸ್ತುವಿಲ್ಲ. ಹೋಟೆಲಿನ ಸಾರು, ಬಚ್ಚಲ ತೊಟ್ಟಿ, ಬೀದಿಯಲ್ಲಿ ಕೊಂಡ ಗೆಣಸು. ಆ ಬೆಚ್ಚನೆಯ ಪಾಯಿಖಾನೆಯ ಸೀಟನ್ನೂ ಅಳೆಯಲು ಹೋದವರನ್ನು ತಡೆದು, ಅದು ಕಾಫಿಗೆ ಬೇಕಾದ ಸಾಮಾನು ಎಂದು ನೆನಪಿಸಬೇಕಾಯಿತು.

ನನಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಅತ್ತೆಯ ಬಳಿ ಸೂಜಿಯಿರಲಿಲ್ಲ. ನೀರಿಗೆ ಬೆರಳಿಟ್ಟು ನೋಡಿದವರೂ ಅಲ್ಲ. ದಿನವೂ ಅದೇ ಹದ ಹೇಗೆ ಬರುತ್ತಿತ್ತು?

"ಅಭ್ಯಾಸ" ಎಂದರು ಇವರು.

ಅಭ್ಯಾಸವಾದರೆ, ಜಯಮ್ಮ ಮಗಳ ಮನೆಗೆ ಹೋದ ದಿನ ಅದು ಎಲ್ಲಿ ಹೋಗುತ್ತಿತ್ತು?

ಕಾರ್ಖಾನೆಯ ಹಿಂದಿನ ಬೀದಿ

ನಗೋಯಾದವರಿಗೆ ಒಂದು ಒಳ್ಳೆಯ ಪದ್ಧತಿಯಿದೆ. ಬೆಳಿಗ್ಗೆ ಕಾಫಿ ಅಂಗಡಿಗೆ ಹೋಗಿ ಕಾಫಿಯೊಂದನ್ನು ಹೇಳಿದರೆ ಸಾಕು, ಬೇಯಿಸಿದ ಮೊಟ್ಟೆಯೂ ಸುಟ್ಟ ಬ್ರೆಡ್ಡೂ ತಾನಾಗಿ ಬರುತ್ತವೆ, ಪುಕ್ಕಟೆ. ಇದು ತಿಳಿದ ಮೇಲೆ ಬಸವರಾಜನಿಗೆ ಕಾಫಿಯ ಮೇಲಿದ್ದ ಹಗೆ ಕಡಿಮೆಯಾಯಿತು. ಬ್ರೆಡ್ಡಿನ ಮೇಲೆ ಕೆಂಪು ಕಾಳನ್ನು ಬೇಯಿಸಿ ರುಬ್ಬಿ ಸಿಹಿ ಮಾಡಿ ಬಳಿದು ಕೊಡುತ್ತಾರೆ. ತಿಂದರೆ ನಮ್ಮ ಒಬ್ಬಟ್ಟಿನ ಹೂರಣವೇ. ಹೂರಣ ಮಾಡಿಕೊಂಡು, ಕಣಕ ಲಟ್ಟಿಸುವ ಹೊತ್ತಿಗೆ ಬೇಜಾರಾಗಿ ಬ್ರೆಡ್ಡಿಗೆ ಬಳಿದವರ ಹಾಗೆ.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಅಂಥದೊಂದು ಹಳೆಯ ಅಂಗಡಿ. ಮೆಷಿನ್ ನೋಡಲು ಹೋಗುವ ಮುಂಚೆ ಮೂವರೂ ಅಲ್ಲಿಗೆ ಹೋದೆವು. ಒಬ್ಬ ಮುದುಕರು ಮಾತ್ರ ಇದ್ದರು. ನಾವು ಕೂತೆವು. ಅವರು ಒಲೆಯ ಮೇಲೆ ನೀರಿಟ್ಟು, ಗೂಟದಿಂದ ಒಂದು ವಸ್ತುವನ್ನು ಕೈಗೆ ತೆಗೆದುಕೊಂಡರು. ನಾನು ಕೂತಲ್ಲಿಂದ ಎದ್ದುಬಿಟ್ಟೆ.

ತಂತಿಯ ಬಳೆ, ಮರದ ಹಿಡಿ, ಕಂದು ಬಣ್ಣಕ್ಕೆ ತಿರುಗಿದ ಬಟ್ಟೆಯ ಚೀಲ.

"ವೈನಿ, ಇನ್ನೊಂದು ಕಾಲುಚೀಲ ಸಿಕ್ತು ನೋಡ್ರಿ!" ಎಂದ ಬಸವರಾಜ.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಮುದುಕರ ಕೈಯ ಮೇಲಿತ್ತು. ನೀರು ಕುದಿಯಿತು. ಅವರು ಒಲೆ ಆರಿಸಿದರು. ಪುಡಿ ಸಿದ್ಧವಾಗಿತ್ತು, ಬಟ್ಟೆ ಸಿದ್ಧವಾಗಿತ್ತು. ಅವರು ಎಲ್ಲವನ್ನೂ ಹಾಗೆಯೇ ಬಿಟ್ಟು, ಮೂಲೆಯ ಪೊರಕೆ ತೆಗೆದುಕೊಂಡು ಬೀದಿಗೆ ಹೊರಟುಹೋದರು.

"ಎಲ್ಲಿಗೆ ಹೋದ್ರು? ಕಾಫಿ ಅರ್ಧಕ್ಕೆ ಬಿಟ್ಟು!" ಎಂದರು ಇವರು.

ಕಿಟಕಿಯ ಗಾಜಿನಾಚೆ ಕಾಣುತ್ತಿತ್ತು. ಬೀದಿಯಲ್ಲೊಂದು ದೊಡ್ಡ ಮರ, ಅಡಿಯಲ್ಲೆಲ್ಲ ಹಳದಿ ಎಲೆ. ಪಕ್ಕದ ಹೂವಿನಂಗಡಿಯಿಂದ ಒಬ್ಬ ಹೆಂಗಸು ತನ್ನ ಪೊರಕೆ ಹಿಡಿದು ಬಂದಳು. ಮುದುಕರು ನಡು ಬಗ್ಗಿಸಿ ನಮಸ್ಕಾರ ಮಾಡಿದರು. ಅವಳು ಇನ್ನೂ ತುಸು ಹೆಚ್ಚು ಬಗ್ಗಿದಳು. ಅವಳಿಗಿಂತ ಕಡಿಮೆಯಾಯಿತೆಂದು ಮುದುಕರು ಮತ್ತೆ ಬಗ್ಗಿದರು. ಆಮೇಲೆ ಗುಡಿಸಲು ಶುರುವಾಯಿತು. ಮುದುಕರು ತಮ್ಮ ಬಾಗಿಲು ಬಿಟ್ಟು ಅವಳ ಬಾಗಿಲಿನ ಎಲೆ ಗುಡಿಸುತ್ತಿದ್ದರು. ಅವಳು ಓಡಿಬಂದು ಮುದುಕರ ಬಾಗಿಲಿನದನ್ನು ಗುಡಿಸುತ್ತಿದ್ದಳು. ಬೇಡ ಬೇಡವೆಂದು ಮುದುಕರು, ಪರವಾಗಿಲ್ಲವೆಂದು ಅವಳು. ನಡುನಡುವೆ ಮತ್ತೆ ನಮಸ್ಕಾರ. ಕೊನೆಗೆ ಎರಡು ಗುಡ್ಡೆಯೂ ಒಂದಾಗಿ, ಅದನ್ನು ಯಾರು ಎತ್ತಬೇಕೆಂದು ಇನ್ನೊಂದು ಸುತ್ತು ಉಪಚಾರ ನಡೆಯಿತು.

ನಮ್ಮಲ್ಲಿ ನಮ್ಮ ಎಲೆಯನ್ನು ಅವರ ಬಾಗಿಲಿಗೆ ತಳ್ಳುತ್ತೇವೆ. ಇಲ್ಲಿ ಅವರ ಎಲೆಯನ್ನು ಇವರು ಕಿತ್ತುಕೊಳ್ಳುತ್ತಾರೆ. ನಮ್ಮಲ್ಲಿ ಜಗಳ, ಇಲ್ಲಿ ನಮಸ್ಕಾರ. ಒಲೆಯ ಮೇಲೆ ಸುಮ್ಮನೆ ಕೂತಿದ್ದ ನೀರಿಗೆ ಎರಡೂ ಒಂದೇ.

ಮುದುಕರು ಒಳಗೆ ಬಂದು, ಕೈ ತೊಳೆದು, ಕೆಟಲ್ ಎತ್ತಿ ಸಣ್ಣಗೆ, ಸುತ್ತಲೂ ಹೊಯ್ದರು. ಪುಡಿ ಮೆಲ್ಲಗೆ ಉಬ್ಬಿತು. ಅತ್ತೆಯ ಕಾಫಿಯ ಪರಿಮಳ ಆ ದೂರದ ಬೀದಿಯಲ್ಲಿ ಎದ್ದಿತು.

"ಕೇಳು ಬಸವರಾಜ," ಎಂದೆ. "ನಡುವೆ ಎದ್ದು ಹೋಗಿದ್ದು ಯಾಕೆ ಅಂತ ಕೇಳು."

ಅವನು ಕೇಳಿದ. ಮುದುಕರು ತುಸು ನಾಚಿದರು. ತಲೆ ಕೆರೆದುಕೊಂಡು ಏನೋ ಹೇಳಿದರು.

"ಮೊದಲಿಂದ್ಲೂ ಹಿಂಗs ರೂಢಿ ಐತಂತರಿ. ಮಳಿ ಬಂದು ಆ ಹೂವಿನಂಗಡಿ ಬಾಯಾರು ಹೊರಗ ಬರಲಿಲ್ಲಂದ್ರ ಆ ದಿನ ಕಾಫಿ ಕಹಿ ಆಗತೈತಂತ. ಗಿರಾಕಿಗಳಿಗೆಲ್ಲ ಗೊತ್ತೈತಂತ. ಮಳಿಗಾಲದಾಗ ಮಂದಿ ಚಾ ಕುಡಿತಾರಂತರಿ." ಚಹಾದ ಮಾತು ಬಂದದ್ದಕ್ಕೆ ಅವನ ಮುಖ ಅರಳಿತ್ತು.

ಕಾಫಿಯ ಜೊತೆ ಬಂದಿದ್ದ ಹೂರಣದ ಬ್ರೆಡ್ ನನ್ನ ಬಾಯಲ್ಲಿತ್ತು. ಅತ್ತೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದ ದಿನಗಳು ಕಣ್ಣಿಗೆ ಬಂದವು. ಬೈಯಲು ಜಯಮ್ಮ ಇಲ್ಲ, ನೀರು ಆರುವವರೆಗೆ ತಡೆಯುವ ಗೆಳತಿ ಇಲ್ಲ. ಕುದಿಯುತ್ತಲೇ ಕೈ ತಡೆಯದೆ ಹೊಯ್ದುಬಿಡುತ್ತಿದ್ದರು. ಕಣ್ಣೀರು ಸುರಿಯಿತು. ಮುದುಕರು ಗಾಬರಿಯಾಗಿ, ಮೊಟ್ಟೆ ಕೆಟ್ಟಿತ್ತೆಂದು ತಿಳಿದು ಓಡಿಹೋಗಿ ಇನ್ನೊಂದು ತಂದರು. ನಾನು ಅಲ್ಲವೆಂದು ತಲೆಯಾಡಿಸಿದೆ. ಅವರು ಮತ್ತೂ ಒಂದು ತಂದರು. ಅಳು ನಿಲ್ಲಿಸದಿದ್ದರೆ ಅಂಗಡಿಯ ಮೊಟ್ಟೆಯೆಲ್ಲ ನಮ್ಮ ಮೇಜಿಗೆ ಬರುತ್ತದೆಂದು ಬಸವರಾಜ ಸಂತೋಷದಿಂದ ಸುಮ್ಮನಿದ್ದ.

ಮತ್ತೆ ಅಬ್ಬಿಗೆರೆ

ಊರಿಗೆ ಬಂದ ಮರುದಿನ ಬೆಳಿಗ್ಗೆ ಇವರು ಥರ್ಮಾಮೀಟರ್ ಹಿಡಿದು ಅಡುಗೆಮನೆಯಲ್ಲಿ ನಿಂತರು. ನೀರು ಕುದಿಯಿತು, ಒಲೆ ಆರಿಸಿದೆ, ಇಬ್ಬರೂ ಅಂಕಿ ನೋಡುತ್ತ ನಿಂತೆವು. "ಇಳೀತಿದೆ... ಇಳೀತಿದೆ... ಹಾಕು ಸುಮಾ, ಹಾಕು!" ಎಂದು ಇವರು ಮೆಷಿನ್ ಚಾಲೂ ಮಾಡಿಸುವ ದನಿಯಲ್ಲಿ ಕೂಗಿದರು. ಹೊಯ್ದೆ. ಕುಡಿದು ನೋಡಿದೆ. ತಪ್ಪು ಹೇಳುವಂತಿರಲಿಲ್ಲ.

ಮಾವನಿಗೆ ಕೋಣೆಗೇ ಒಯ್ದು ಕೊಟ್ಟೆ. ಬೇಡವೆಂದವರು, ಅಷ್ಟು ದೂರ ಹೋಗಿ ಕಲಿತು ಬಂದಿದ್ದಾಳೆಂದು ಮಗ ಹೇಳಿದ ಮೇಲೆ ಲೋಟ ತೆಗೆದುಕೊಂಡರು. ಕುಡಿದರು. "ಚೆನ್ನಾಗದೆ ಕಣಮ್ಮ" ಎಂದರು.

ಇವರು ಗೆದ್ದವರಂತೆ ನನ್ನತ್ತ ನೋಡಿದರು. ನನಗೆ ಮಾತ್ರ ಅರ್ಥವಾಗಿತ್ತು. ಚೆನ್ನಾಗಿದೆ ಎಂದು ಮಾವ ಹೇಳುವುದು ನೆಂಟರ ಮನೆಯಲ್ಲಿ. ಅರ್ಧ ಕಾಫಿ ಲೋಟದಲ್ಲೇ ಉಳಿದಿತ್ತು. ನನ್ನ ಮನೆಯಲ್ಲಿ ಮಾವ ನೆಂಟರಾಗಿ ಕೂತಿದ್ದರು.

ಲೋಟ ತೊಳೆಯುತ್ತ ಕಿಟಕಿಯಲ್ಲಿ ನೋಡಿದೆ. ಜಯಮ್ಮ ಗುಡಿಸುತ್ತಿದ್ದರು. ಅತ್ತೆ ಹೋದ ದಿನ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವರು ಅವರು. ಅಂದಿನಿಂದ ಅವರ ಬಾಯಿ ನಿಂತಿತ್ತು. ತಮ್ಮ ಬಾಗಿಲಿನ ಜೊತೆಗೆ ನಮ್ಮ ಬಾಗಿಲನ್ನೂ ಸದ್ದಿಲ್ಲದೆ ಗುಡಿಸಿ ಹೋಗುತ್ತಿದ್ದರು. ಜಪಾನಿನಲ್ಲಿ ಅದು ಮರ್ಯಾದೆ. ನಮ್ಮ ಬೀದಿಯಲ್ಲಿ ಅದು ಸೂತಕ. ನಾನು ಅಲ್ಲಿಂದ ನೀರು ಆರುವ ಹೊತ್ತನ್ನು ಮಾತ್ರ ತಂದಿದ್ದೆ. ಆ ಹೊತ್ತಿನೊಳಗೆ ಏನಿತ್ತೋ ಅದು ಇಲ್ಲೇ, ಬಾಗಿಲಾಚೆ, ಪೊರಕೆ ಹಿಡಿದು ನಿಂತಿತ್ತು.

ಮಾರನೆಯ ಬೆಳಿಗ್ಗೆ ನೀರು ಕುದಿಯುತ್ತಲೇ ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಹೋದೆ. ನಾನು ಯಾರ ಹತ್ತಿರವೂ ಜಗಳವಾಡಿದವಳಲ್ಲ.

"ಏನ್ ಜಯಮ್ಮ, ನಿಮ್ ಮರದ ಎಲೆ ನಮ್ ಬಾಗ್ಲಿಗೆ ಬಂದಿದೆ" ಎಂದೆ. ದನಿ ವಿಳಾಸ ಕೇಳುವವಳ ಹಾಗಿತ್ತು.

"ಅಯ್ಯೋ, ಎಲ್ಲವ್ವಾ? ಇರು, ಗುಡಿಸ್ಬುಡ್ತೀನಿ" ಎಂದು ಜಯಮ್ಮ ನಮ್ಮ ಬಾಗಿಲತ್ತ ಬಂದರು. ಒಂದು ಎಲೆಯೂ ಇರಲಿಲ್ಲ. ಆಗಲೇ ಅವರೇ ಗುಡಿಸಿದ್ದರು.

ನನಗೆ ಬೇರೆ ದಾರಿ ತೋಚಲಿಲ್ಲ. ಅವರ ಎಲೆಯ ಗುಡ್ಡೆಗೆ ಕೈಹಾಕಿ, ಎರಡು ಬೊಗಸೆ ತುಂಬಿಕೊಂಡು ಬಂದು, ಅವರ ಕಣ್ಣೆದುರೇ ನಮ್ಮ ಹೊಸಿಲ ಮುಂದೆ ಚೆಲ್ಲಿದೆ.

"ಇಷ್ಟು ಎಲೆ! ಕಾಣಿಸ್ತಿಲ್ವಾ? ಕರ್ಕೊಂಡೋಗಿ!"

ಜಯಮ್ಮ ಎಲೆ ನೋಡಿದರು, ನನ್ನನ್ನು ನೋಡಿದರು. ತುಟಿ ನಡುಗಿತು. ಅತ್ತೇಬಿಡುತ್ತಾರೆ ಎಂದುಕೊಂಡೆ. ಅವರು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ ಸೊಂಟಕ್ಕೆ ಕೈಯಿಟ್ಟರು.

"ಏನೇ ಉಡುಗಿ! ನಿಮ್ಮತ್ತೆ ಇರೋಗಂಟ ಅವಳ ಕೈಲಿ ಅನ್ನಿಸ್ಕಂಡೆ. ಅವಳು ಓದ್ಲು, ಇನ್ನಾರ ನೆಮ್ದಿ ಅಂದ್ಕಂಡ್ರೆ ನೀನ್ ಸುರು ಅಚ್ಕಂಡ್ಯಾ? ಗಾಳಿ ನಮ್ಮಪ್ಪನ ಮನೇದಾ? ಗಾಳೀನ ಕೇಳೋಗು!"

"ಮರ ನಿಮ್ದು ತಾನೇ?"

"ಮರ ನಂದು! ನೆಳ್ಳು ಯಾರ್ದೇ? ನಿಮ್ಮತ್ತೆ ದಿನಾ ಮಧ್ಯಾನ ಅದ್ರ ನೆಳ್ಳಲ್ಲಿ ಕಾಲ್ ನೀಟ್ಕಂಡು ಅವರೇಕಾಯಿ ಬುಡುಸ್ತಾ ಕುಂತಿರ್ಲಿಲ್ವಾ? ಆವಾಗ ಎಲೆ ಕಾಣ್ಲಿಲ್ವಾ? ನೆಳ್ಳು ಬೇಕು, ಎಲೆ ಬ್ಯಾಡ! ಅವಳ್ದೂ ಅದೇ ನ್ಯಾಯ, ನಿಂದೂ ಅದೇ ನ್ಯಾಯ!"

ಬೈಯುತ್ತಿದ್ದ ಹಾಗೆ ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಂದು ವರ್ಷ ಬಾಯಿಕಟ್ಟಿದ್ದ ಬೈಗುಳ ಎಲೆಯಿಂದ ನೆರಳಿಗೆ, ನೆರಳಿನಿಂದ ಬೀದಿ ಕೊಳಾಯಿಯ ಸಾಲಿನ ಹಳೆಯ ಜಗಳಕ್ಕೆ, ಅಲ್ಲಿಂದ ಅತ್ತೆ ಹೇಳದೆ ಕೇಳದೆ ಹೊರಟುಹೋದದ್ದಕ್ಕೆ ಬಂತು. "ಓಗೋಳು ಒಂದ್ ಮಾತು ಏಳ್ಬೇಡ್ವಾ? ಇಂಗಾ ಬುಟ್ಟೋಗೋದು?" ನಾನೂ ಅಳುತ್ತಲೇ, "ಅದ್ನೆಲ್ಲ ನನ್ನ ಯಾಕೆ ಕೇಳ್ತೀರ? ಎಲೆ ಕರ್ಕೊಂಡೋಗಿ!" ಎಂದೆ. ಬೀದಿಯವರು ಕಿಟಕಿ ತೆಗೆದು ನೋಡಿದರು.

ಆಗ ನೀರು ನೆನಪಾಯಿತು. ಒಳಗೆ ಓಡಿದೆ. ಅಂಕಿ ನೋಡಲು ಪುರಸೊತ್ತಿರಲಿಲ್ಲ. ಸಣ್ಣಗೆ, ಸುತ್ತಲೂ ಹೊಯ್ದೆ. ಹಾಲು ಬೆರೆಸಿ ಕೋಣೆಗೆ ಒಯ್ದರೆ ಮಾವ ಅಲ್ಲಿರಲಿಲ್ಲ. ತಿರುಗಿದರೆ, ಜಗಲಿಯ ಮೇಲೆ, ಅವರ ಹಳೆಯ ಜಾಗದಲ್ಲಿ ಕುಳಿತಿದ್ದರು. ಯಾವಾಗ ಎದ್ದು ಬಂದರೋ. ಮುಖ ಬೀದಿಯ ಕಡೆಗಿತ್ತು. ಜಯಮ್ಮ ಇನ್ನೂ ಗಾಳಿಗೆ ಬೈಯುತ್ತಿದ್ದರು.

ಲೋಟ ಕೊಟ್ಟೆ. ಮಾವ ಕುಡಿದರು. ಒಂದು ಗುಟುಕಿಗೆ ನಿಲ್ಲಿಸಲಿಲ್ಲ. ಪೂರ್ತಿ ಕುಡಿದು, ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿದರು.

"ಸಪ್ಪಗದೆ ಕಣಮ್ಮ. ನೀರು ಆರೋಗದೆ" ಎಂದರು. "ನಿಮ್ಮತ್ತೆ ಇಷ್ಟೊತ್ತು ಬೈತಿರ್ಲಿಲ್ಲ. ನಾಳಿಕೆ ಒಸಿ ಬಿರ್ನೆ ಮುಗ್ಸು."